ಮನೆಯ ಕಾರ್ಖಾನೆಯೂ ಮರಳಿ ಬರುವ ವಿದ್ಯುತ್ತೂ

ವಿದ್ಯುಚ್ಛಕ್ತಿಯು ನಮ್ಮ ನಾಡಿಗೆ ಮೊದಲು ಬಂದುದು ದೊಡ್ಡ ಯಂತ್ರಗಳ ಸೇವೆಗಾಗಿ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಕೈಗೊಂಡ ಶಿವನಸಮುದ್ರದ ಕಾರ್ಯವು 1902ರಲ್ಲಿ ಫಲಿಸಿ, ಅಲ್ಲಿಂದ ಹೊರಟ ಶಕ್ತಿಯು ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು. 1905ರಲ್ಲಿ ಬೆಂಗಳೂರಿನ ಬೀದಿಗಳು ಬೆಳಗಿದವು. ಅಂದು ಆ ಶಕ್ತಿಯನ್ನು ಆಳುತ್ತಿದ್ದವರು ಅದಕ್ಕೆಂದೇ ತರಬೇತಾದ ಎಂಜಿನಿಯರುಗಳು. ಇಂದು ಅದೇ ಶಕ್ತಿಯು ತುಮಕೂರಿನ ಹಿತ್ತಿಲುಗಳಲ್ಲಿ ಗರಗಸವನ್ನು ತಿರುಗಿಸುತ್ತಿದೆ. ಗುಬ್ಬಿಯ ಅಂಗಡಿ ಸಾಲುಗಳ ಹಿಂದೆ ತಗಡಿನ ಮಾಡಿನ ಕೆಳಗೆ ಹಿಟ್ಟು ಬೀಸುತ್ತಿದೆ. ಕುಣಿಗಲ್ ಸೀಮೆಯ ದನದ ಕೊಟ್ಟಿಗೆಗಳಲ್ಲಿ ಮೇವು ಕತ್ತರಿಸುತ್ತಿದೆ. ಇಲ್ಲಿ ಅದನ್ನು ಆಳುವವರು ಮನೆಯ ಯಜಮಾನ, ಅವನ ಹೆಂಡತಿ, ಬೇಸಿಗೆಯ ರಜೆಯಲ್ಲಿ ಮನೆಗೆ ಬಂದ ಮಗ. ಇದು ಸಂತೋಷಪಡತಕ್ಕ ಬದಲಾವಣೆಯೇ ಸರಿ. ಗೃಹಕೈಗಾರಿಕೆಯು ಬೆಳೆಯಬೇಕೆಂದು ನಾಲ್ಕು ತಲೆಮಾರುಗಳಿಂದ ಹೇಳುತ್ತ ಬಂದಿರುವ ನಾವು, ಅದು ಬೆಳೆದು ಮನೆಯಂಗಳಕ್ಕೆ ಬಂದಾಗ ಅದರ ಅಪಾಯವನ್ನೂ ನೋಡಲೇಬೇಕಾಗುತ್ತದೆ.

ವಿದ್ಯುತ್ತಿನ ಅಪಾಯವೆಂದೊಡನೆ ನಮ್ಮ ಜನರ ಮನಸ್ಸಿಗೆ ಬರುವುದು ತಂತಿ ಮುಟ್ಟಿ ಆಘಾತವಾಗುವ ಸಂಗತಿ. ಅದು ನಿಜವಾದ ಅಪಾಯವೇ. ಆದರೆ ನಾವು ಈ ದಿನ ಹೇಳಹೊರಟಿರುವುದು ಅದಲ್ಲ. ವಿದ್ಯುತ್ತು ಇರುವಾಗ ಮನುಷ್ಯನು ಎಚ್ಚರದಿಂದಿರುತ್ತಾನೆ. ಅದು ಹೋದಾಗ ಎಚ್ಚರ ತಪ್ಪುತ್ತಾನೆ. ಅದು ಹೇಳದೆ ಕೇಳದೆ ಮರಳಿ ಬಂದ ಗಳಿಗೆಯಲ್ಲಿ ಅವನ ಕೈ ಎಲ್ಲಿರುತ್ತದೆ ಎಂಬುದೇ ಇಲ್ಲಿನ ಪ್ರಶ್ನೆ.

ಒಂದು ಸಾಧಾರಣ ಮಧ್ಯಾಹ್ನವನ್ನು ಓದುಗರು ಊಹಿಸಿಕೊಳ್ಳಲಿ. ಬಡಗಿಯೊಬ್ಬನು ಹಲಸಿನ ಹಲಗೆಯನ್ನು ಗರಗಸದ ಮೇಜಿನ ಮೇಲೆ ನೂಕುತ್ತಿದ್ದಾನೆ. ಹಲಗೆ ಅರ್ಧ ಸೀಳಿರುವಾಗ ಕರೆಂಟು ಹೋಗುತ್ತದೆ. ಗರಗಸ ನಿಧಾನವಾಗಿ ನಿಲ್ಲುತ್ತದೆ. ಗೋಡೆಯ ಮೇಲಿನ ಸ್ವಿಚ್ಚು ಮಾತ್ರ ಇದ್ದಂತೆಯೇ, ಹಾಕಿದ ಸ್ಥಿತಿಯಲ್ಲೇ ಉಳಿಯುತ್ತದೆ. ಬಡಗಿಯು ಐದು ನಿಮಿಷ ಕಾದು, ಬೀಡಿ ಹಚ್ಚಿ ಅಥವಾ ನೀರು ಕುಡಿದು ಬರುತ್ತಾನೆ. ಹಲ್ಲುಗಳ ನಡುವೆ ಸಿಕ್ಕಿಕೊಂಡಿರುವ ಚಕ್ಕೆಯನ್ನು ಈಗಲೇ ತೆಗೆದುಬಿಡೋಣವೆಂದು ಕೈ ಹಾಕುತ್ತಾನೆ. ಯಂತ್ರ ಸತ್ತಿದೆಯೆಂದು ಅವನ ಕಣ್ಣೂ ಕಿವಿಯೂ ಹೇಳುತ್ತಿವೆ. ಆದರೆ ಅದು ಸತ್ತಿಲ್ಲ. ಎಲ್ಲಿಯೋ ಇರುವ ಉಪಕೇಂದ್ರದಲ್ಲಿ ಯಾರೋ ಒಬ್ಬರು ಒಂದು ಹಿಡಿಯನ್ನು ಎತ್ತುವುದಕ್ಕಾಗಿ ಕಾಯುತ್ತಿದೆ, ಅಷ್ಟೆ. ಹನ್ನೆರಡು ಅಂಗುಲದ ಗರಗಸದ ಚಕ್ರವು ನಿಮಿಷಕ್ಕೆ 2,850 ಸುತ್ತು ತಿರುಗುವಾಗ ಅದರ ಹಲ್ಲಿನ ವೇಗವು ಗಂಟೆಗೆ 160 ಕಿಲೋಮೀಟರಿಗೂ ಮೀರುತ್ತದೆ. ಮೋಟಾರು ಆ ವೇಗಕ್ಕೆ ಏರಲು ಒಂದೆರಡು ಕ್ಷಣ ಸಾಕು. ಬೆರಳನ್ನು ಹಿಂದೆಗೆಯಲು ಅಷ್ಟು ಸಮಯ ಸಿಕ್ಕೀತೆಂದು ನಂಬಿ ಬದುಕಲಾಗದು.

ಹಳೆಯ ಕಾಲದ ಕೈಯಂತ್ರಗಳಿಗೆ ಈ ದೋಷವಿರಲಿಲ್ಲ. ಮುಂದೆ ಬಹು ದೊಡ್ಡದಾಗಿ ಬೆಳೆದ ಕಿರ್ಲೋಸ್ಕರರ ಉದ್ಯಮವು ಬೆಳಗಾವಿಯಲ್ಲಿ ಮೊದಮೊದಲು ತಯಾರಿಸಿದ ವಸ್ತುಗಳಲ್ಲಿ ಮೇವು ಕತ್ತರಿಸುವ ಯಂತ್ರವೂ ಒಂದು. ಕೈಯಿಂದ ತಿರುಗಿಸುವ ಅಂಥ ಯಂತ್ರದಲ್ಲಿ ಕೈ ನಿಂತರೆ ಚಕ್ರ ನಿಲ್ಲುತ್ತಿತ್ತು. ತಿರುಗಿಸುವವನ ತೋಳೇ ಅದರ ಸ್ವಿಚ್ಚಾಗಿತ್ತು. ಇಂದು ತುಮಕೂರು ಜಿಲ್ಲೆಯಲ್ಲಿ ಹಾಲಿನ ಹಸು ಕಟ್ಟಿದ ಅನೇಕ ಮನೆಗಳು ಅದೇ ಬಗೆಯ ಯಂತ್ರಕ್ಕೆ ಮೋಟಾರು ಜೋಡಿಸಿಕೊಂಡಿವೆ. ದೇಹಶ್ರಮವು ಕಡಿಮೆಯಾಯಿತು, ಒಳ್ಳೆಯದು. ಆದರೆ ತೋಳಿನೊಡನೆ ಆ ಸ್ವಿಚ್ಚೂ ಹೋಯಿತು, ಅದರ ಸ್ಥಾನದಲ್ಲಿ ನಾವು ಬೇರೊಂದನ್ನು ಇಡಲಿಲ್ಲ. ಮೇವನ್ನು ಬಾಯಿಗೆ ತಳ್ಳುವ ಕೈ ಬಹುಮಟ್ಟಿಗೆ ಮನೆಯ ಹೆಂಗಸರದು ಎಂಬುದನ್ನು ಇಲ್ಲಿ ನೆನೆಯಬೇಕು.

ಆ ಬೇರೊಂದು ವಸ್ತುವು ಅಪರೂಪದ್ದೇನೂ ಅಲ್ಲ. ನಮ್ಮ ಜಿಲ್ಲೆಯ ಪ್ರತಿಯೊಬ್ಬ ರೈತನಿಗೂ ಅದು ಪರಿಚಿತ. ಕೊಳವೆಬಾವಿಯ ಪಕ್ಕದ ಗೂಡಿನಲ್ಲಿ, ಹಸಿರು ಗುಂಡಿಯೊಂದು ಕೆಂಪು ಗುಂಡಿಯೊಂದು ಉಳ್ಳ ಕಬ್ಬಿಣದ ಪೆಟ್ಟಿಗೆ ಇರುವುದಷ್ಟೆ. ಅದನ್ನು ಸ್ಟಾರ್ಟರ್ ಎನ್ನುತ್ತಾರೆ. ಮೇನ್ ಸ್ವಿಚ್ಚನ್ನು ಆರಿಸಿ ಅದರ ಮುಚ್ಚಳ ತೆಗೆದು ನೋಡಿದರೆ ಒಳಗೆ ತಾಮ್ರದ ತಂತಿಯ ಒಂದು ಸುರುಳಿ ಕಾಣುವುದು. ಹಸಿರು ಗುಂಡಿಯನ್ನು ಒತ್ತಿದಾಗ ಈ ಸುರುಳಿಯಲ್ಲಿ ವಿದ್ಯುತ್ತು ಹರಿದು ಅದು ಅಯಸ್ಕಾಂತವಾಗುತ್ತದೆ. ಎದುರಿನ ಕಬ್ಬಿಣವನ್ನು ಎಳೆದುಕೊಂಡು ಮೋಟಾರಿನ ಸಂಪರ್ಕಗಳನ್ನು ಮುಚ್ಚುತ್ತದೆ. ಗುಂಡಿಯಿಂದ ಬೆರಳು ತೆಗೆದ ಮೇಲೂ ಅದು ಬಿಡುವುದಿಲ್ಲ. ಏಕೆಂದರೆ ಮುಚ್ಚಿದ ಸಂಪರ್ಕಗಳಲ್ಲೊಂದು ಸುರುಳಿಗೇ ವಿದ್ಯುತ್ತನ್ನು ಒದಗಿಸುತ್ತಿರುತ್ತದೆ. ತನ್ನನ್ನು ತಾನೇ ಹಿಡಿದುಕೊಂಡಿರುವ ಈ ಏರ್ಪಾಡು, ಹೊರಗಿನ ವಿದ್ಯುತ್ತು ಹೋದೊಡನೆ ಕೈಬಿಡುತ್ತದೆ. ಅಯಸ್ಕಾಂತ ಶಕ್ತಿ ಉಡುಗಿ, ಒಳಗಿನ ಸ್ಪ್ರಿಂಗು ಸಂಪರ್ಕಗಳನ್ನು ತಳ್ಳಿ ಬಿಡಿಸುತ್ತದೆ. ಮತ್ತೆ ವಿದ್ಯುತ್ತು ಬಂದರೂ ಸುರುಳಿಗೆ ದಾರಿಯಿಲ್ಲ. ಮನುಷ್ಯನೊಬ್ಬನು ಬಂದು ಹಸಿರು ಗುಂಡಿಯನ್ನು ಪುನಃ ಒತ್ತಿದ ಹೊರತು ಯಂತ್ರ ಚಲಿಸದು.

ಗೋಡೆಯ ಸ್ವಿಚ್ಚಿಗೆ ನೆನಪಿದೆ, ಸ್ಟಾರ್ಟರಿಗೆ ಮರೆವಿದೆ. ದೀಪಕ್ಕೂ ಬೀಸಣಿಗೆಗೂ ನೆನಪುಳ್ಳ ಸ್ವಿಚ್ಚೇ ಲೇಸು. ರಾತ್ರಿ ಹೋದ ಕರೆಂಟು ಬಂದಾಗ ಬೀಸಣಿಗೆಯು ತಾನಾಗಿ ತಿರುಗಲೆಂದೇ ನಾವು ಬಯಸುತ್ತೇವೆ. ಗರಗಸಕ್ಕೆ ಬೇಕಾದುದು ಮರೆವುಳ್ಳ ಸ್ವಿಚ್ಚು. ಮೆಕ್ಯಾನಿಕರು ಇದನ್ನು ನೋ-ವೋಲ್ಟ್ ರಿಲೀಸ್ ಎಂದು ಕರೆಯುತ್ತಾರೆ. ಹೆಸರು ಯಾವುದಾದರೇನು, ಗುಣ ಇದೊಂದೇ: ವಿದ್ಯುತ್ತು ಒಮ್ಮೆ ಹೋದರೆ ಇದು ಹಿಂದಿನ ಆಜ್ಞೆಯನ್ನು ಮರೆತು, ಹೊಸ ಆಜ್ಞೆಗಾಗಿ ಕಾಯುವುದು.

ಇಷ್ಟು ಸುಲಭವಾದ ವಸ್ತುವು ಹೊಲದಲ್ಲಿದ್ದು ಮನೆಯ ಕಾರ್ಖಾನೆಯಲ್ಲಿ ಇಲ್ಲದಿರುವುದಕ್ಕೆ ಕಾರಣವೇನು? ಹೊಲದ ಕಥೆಯನ್ನೇ ಸ್ವಲ್ಪ ವಿಸ್ತಾರವಾಗಿ ನೋಡಬೇಕು. ನಮ್ಮ ರಾಜ್ಯದಲ್ಲಿ ನೀರಾವರಿ ಪಂಪುಗಳಿಗೆ ತ್ರೀಫೇಸ್ ವಿದ್ಯುತ್ತನ್ನು ದಿನಕ್ಕೆ ಏಳು ಗಂಟೆ ಕೊಡುವುದೆಂಬ ನೀತಿಯಿದೆ; ಆ ಏಳು ಗಂಟೆಗಳು ಒಂದು ವಾರ ಹಗಲಿಗೆ ಬಂದರೆ ಇನ್ನೊಂದು ವಾರ ನಡುರಾತ್ರಿಗೆ ಬರಬಹುದು. 2023ರ ಬರಗಾಲದಲ್ಲಿ ಆ ಏಳು ಗಂಟೆಗೂ ಕುತ್ತು ಬಂದುದನ್ನು ರೈತರು ಮರೆತಿಲ್ಲ. ರಾತ್ರಿ ಎರಡು ಗಂಟೆಗೆ ಬರುವ ಕರೆಂಟಿಗಾಗಿ ಹಾವು ಚೇಳುಗಳ ಹೊಲಕ್ಕೆ ಯಾರು ನಡೆದು ಹೋಗುತ್ತಾರೆ? ಆದುದರಿಂದ ರೈತನು ಸ್ಟಾರ್ಟರಿನ ಪಕ್ಕದಲ್ಲಿ ಆಟೋ ಸ್ವಿಚ್ ಎಂಬ ಮತ್ತೊಂದು ಚಿಕ್ಕ ಪೆಟ್ಟಿಗೆಯನ್ನು ಕೂರಿಸಿಕೊಂಡನು. ಕರೆಂಟು ಬಂದ ಸ್ವಲ್ಪ ಹೊತ್ತಿಗೆ ಅದು ತಾನೇ ಹಸಿರು ಗುಂಡಿ ಒತ್ತಿದ ಕೆಲಸವನ್ನು ಮಾಡುತ್ತದೆ. ಸ್ಟಾರ್ಟರ್ ಮಾಡಿದವನು ಜಾಣತನದಿಂದ ಕೊಟ್ಟ ಮರೆವನ್ನು, ಆಟೋ ಸ್ವಿಚ್ ಮಾಡಿದವನು ಅಷ್ಟೇ ಜಾಣತನದಿಂದ ಕಸಿದುಕೊಂಡನು. ನೂರಾರು ಅಡಿ ಆಳದಲ್ಲಿ ಮುಳುಗಿರುವ ಪಂಪಿನ ಮಟ್ಟಿಗೆ ಇದರಿಂದ ಯಾರ ಬೆರಳಿಗೂ ಕೇಡಿಲ್ಲ. ಒಂದೇ ಬಾರಿಗೆ ಊರಿನ ಪಂಪುಗಳೆಲ್ಲ ಎದ್ದು ಟ್ರಾನ್ಸ್‌ಫಾರ್ಮರಿಗೆ ಭಾರವಾಗುವುದುಂಟು. ನೆರೆಯ ತೆಲಂಗಾಣದಲ್ಲಿ 2018ರ ಜನವರಿಯಿಂದ ಕೃಷಿಗೆ 24 ಗಂಟೆಯೂ ವಿದ್ಯುತ್ತು ಕೊಡತೊಡಗಿದಾಗ, ಆಟೋ ಸ್ಟಾರ್ಟರುಗಳನ್ನು ತೆಗೆದುಹಾಕಿರೆಂದು ಸರ್ಕಾರದವರು ರೈತರನ್ನು ಬೇಡಿಕೊಳ್ಳಬೇಕಾಯಿತು. ಆದರೂ ಏಳೇ ಗಂಟೆಯ ಕರೆಂಟಿನಲ್ಲಿ ಬದುಕುವ ರೈತನನ್ನು ಇದಕ್ಕಾಗಿ ನಾವು ದೂಷಿಸಲಾರೆವು.

ಕೇಡು ಎಲ್ಲಿ ಬಂದಿತೆಂದರೆ, ಹೊಲದ ಈ ಅಭ್ಯಾಸವು ಮನೆಯೊಳಗೆ ನುಗ್ಗಿದಾಗ. ಯಂತ್ರವು ತಾನಾಗಿ ಹೊರಡುವುದೇ ಅನುಕೂಲವೆಂದು ಕಣ್ಣು ಒಗ್ಗಿಹೋಯಿತು. ಕೆಟ್ಟುಹೋದ ಪಂಪಿನಿಂದ ಬಿಚ್ಚಿ ತಂದ ಸ್ಟಾರ್ಟರನ್ನು ಆಟೋ ಸ್ವಿಚ್ಚಿನ ಸಹಿತ ಮೇವಿನ ಯಂತ್ರಕ್ಕೋ ಹಿಟ್ಟಿನ ಗಿರಣಿಗೋ ಜೋಡಿಸಿದರೆ, ಪೆಟ್ಟಿಗೆಯನ್ನು ನೋಡಿದವನು ರಕ್ಷಣೆಯಿದೆಯೆಂದು ತಿಳಿಯುತ್ತಾನೆ, ಒಳಗೆ ರಕ್ಷಣೆ ಇರುವುದಿಲ್ಲ. ಇದು ಬರಿಯ ಗೋಡೆಯ ಸ್ವಿಚ್ಚಿಗಿಂತಲೂ ಅಪಾಯಕರ. ಆದುದರಿಂದ ಹಳೆಯ ಸ್ಟಾರ್ಟರನ್ನು ಮನೆಗೆ ತರುವವರು ಆಟೋ ಸ್ವಿಚ್ಚಿನ ತಂತಿಗಳನ್ನು ಪೂರ್ಣವಾಗಿ ಬಿಡಿಸಿಯೇ ತರತಕ್ಕದ್ದು.

ಇನ್ನೊಂದು ಅಭ್ಯಾಸವನ್ನೂ ಹೇಳಬೇಕು. ಹಳ್ಳಿಗಳ ಕಡೆ ವೋಲ್ಟೇಜು ಇಳಿದಾಗ ಸುರುಳಿಯು ಕಬ್ಬಿಣವನ್ನು ಗಟ್ಟಿಯಾಗಿ ಹಿಡಿಯಲಾರದೆ ಗರಗರನೆ ಸದ್ದು ಮಾಡುತ್ತದೆ, ಪದೇಪದೇ ಬಿಟ್ಟುಬಿಡುತ್ತದೆ. ಬೇಸತ್ತ ಮನುಷ್ಯನು ಬೆಂಕಿಕಡ್ಡಿಯನ್ನೋ ಬಿದಿರಿನ ಚಕ್ಕೆಯನ್ನೋ ಹಸಿರು ಗುಂಡಿಯ ಸಂದಿಗೆ ಸಿಕ್ಕಿಸಿಬಿಡುತ್ತಾನೆ. ಅಂದಿನಿಂದ ಆ ಸ್ಟಾರ್ಟರು ಬರಿಯ ತಗಡಿನ ಡಬ್ಬಿ. 240 ವೋಲ್ಟಿನ ಸುರುಳಿಯು ಅದರ ಶೇಕಡ 85ರವರೆಗೆ, ಎಂದರೆ 204 ವೋಲ್ಟಿನವರೆಗೆ, ಖಂಡಿತವಾಗಿ ಹಿಡಿಯಬೇಕೆಂದು ಮಾನದಂಡವಿದೆ. ಅದಕ್ಕಿಂತಲೂ ಇಳಿಯುವ ಕಡೆ ತಪ್ಪು ಸ್ಟಾರ್ಟರಿನದಲ್ಲ. ಮೀಟರಿನಿಂದ ಯಂತ್ರದವರೆಗೆ ಎಳೆದ ತಂತಿ ತೆಳುವಾಗಿರಬಹುದು, ಅಥವಾ ಊರಿನ ಲೈನಿನ ದೋಷವಿರಬಹುದು. ತಂತಿ ತೆಳುವಾಗಿದ್ದರೆ ಮನೆಯವರೇ ಬದಲಿಸಿಕೊಳ್ಳಬೇಕು. ಲೈನಿನ ದೋಷವಾದರೆ ಬೆಸ್ಕಾಂ ಕಚೇರಿಗೆ ಬರೆಯಬೇಕು. ಬೆಂಕಿಕಡ್ಡಿಯು ಎರಡಕ್ಕೂ ಮದ್ದಲ್ಲ.

ಓದುಗರಲ್ಲಿ ಕೆಲವರು ನಮ್ಮ ಮನೆಯಲ್ಲಿ ಎಂಸಿಬಿ ಇದೆ, ಅರ್ಥ್ ಲೀಕೇಜ್ ಬ್ರೇಕರ್ ಇದೆ, ಇನ್ನೇನು ಬೇಕೆಂದು ಕೇಳಿಯಾರು. ವಿದ್ಯಾವಂತರಲ್ಲಿಯೇ ಈ ತಪ್ಪು ಗ್ರಹಿಕೆ ಹೆಚ್ಚೆಂದು ನಮಗೆ ತೋರುತ್ತದೆ. ತಂತಿಯಲ್ಲಿ ಮಿತಿಮೀರಿದ ವಿದ್ಯುತ್ತು ಹರಿದು ಬೆಂಕಿ ಹೊತ್ತಿಕೊಳ್ಳದಂತೆ ಎಂಸಿಬಿ ತಡೆಯುವುದು. ವಿದ್ಯುತ್ತು ಮನುಷ್ಯನ ದೇಹದ ಮೂಲಕ ನೆಲಕ್ಕೆ ಸೋರತೊಡಗಿದರೆ, ಆ ಸೋರಿಕೆ 30 ಮಿಲಿಆಂಪಿಯರನ್ನು ಮುಟ್ಟುವಷ್ಟರಲ್ಲಿ ಲೀಕೇಜ್ ಬ್ರೇಕರು ಕತ್ತರಿಸುವುದು. ಇವೆರಡೂ ಅವಶ್ಯ. ಆದರೆ ಬೀದಿಯ ಕರೆಂಟು ಹೋಗಿ ಬಂದರೆ ಮನೆಗಳಲ್ಲಿ ಸಾಮಾನ್ಯವಾಗಿ ಕೂರಿಸುವ ಈ ಬ್ರೇಕರುಗಳು ಮೇಲಿದ್ದಂತೆಯೇ ಇರುತ್ತವೆ. ಅವುಗಳ ಪಾಲಿಗೆ ಏನೂ ಆಗಿಲ್ಲ. ಬೆರಳು ತುಂಡಾದರೂ ಅವು ಅಲುಗುವುದಿಲ್ಲ, ಏಕೆಂದರೆ ಅದು ವಿದ್ಯುತ್ತಿನ ದೋಷವಲ್ಲ. ಯಂತ್ರವು ತನಗೆ ಹೇಳಿದ್ದ ಕೆಲಸವನ್ನೇ ಮಾಡಿದೆ. ಇನ್ವರ್ಟರು, ಜನರೇಟರು ಇಟ್ಟುಕೊಂಡ ಕಡೆಗಳಲ್ಲಿ ಈ ಅಪಾಯವು ತಪ್ಪುವ ಬದಲು ಎರಡು ಪಟ್ಟಾಗುತ್ತದೆ: ಬೀದಿಯ ವಿದ್ಯುತ್ತು ಹೋಗಿ ಜನರೇಟರು ಹಿಡಿಯುವಾಗ ಒಮ್ಮೆ, ಮರಳಿ ಬೀದಿಯ ವಿದ್ಯುತ್ತಿಗೆ ಬದಲಾಗುವಾಗ ಇನ್ನೊಮ್ಮೆ.

ನಮ್ಮ ಊರುಗಳ ಮರಗೆಲಸದಲ್ಲಿ ಈಚೆಗೆ ಹರಡಿರುವ ಒಂದು ಉಪಾಯವಂತೂ ನಮ್ಮನ್ನು ಹೆಚ್ಚು ಚಿಂತೆಗೀಡುಮಾಡಿದೆ. ಕಲ್ಲು ಕೊಯ್ಯಲೆಂದು ಮಾಡಿದ ನಾಲ್ಕು ಅಂಗುಲದ ಮಾರ್ಬಲ್ ಕಟ್ಟರಿಗೆ ಮರದ ಬ್ಲೇಡು ಹಾಕಿ, ಅದನ್ನು ಪ್ಲೈವುಡ್ ಹಲಗೆಯ ಅಡಿಯಲ್ಲಿ ತಲೆಕೆಳಗಾಗಿ ಬಿಗಿದು, ಹಲಗೆಯ ಸೀಳಿನಿಂದ ಬ್ಲೇಡು ಮೇಲೆ ಚಾಚುವಂತೆ ಮಾಡುತ್ತಾರೆ. ಕೆಲವೇ ಸಾವಿರ ರೂಪಾಯಿಯಲ್ಲಿ ಗರಗಸದ ಮೇಜೊಂದು ಸಿದ್ಧವಾಯಿತು. ಮನೆಮನೆಗೆ ಹೋಗಿ ಬೀರು, ಅಡಿಗೆಮನೆಯ ಕಪಾಟು ಮಾಡಿಕೊಡುವ ಬಡಗಿಯ ಬಡತನವನ್ನೂ ಜಾಣತನವನ್ನೂ ಇದು ಒಟ್ಟಿಗೆ ತೋರಿಸುತ್ತದೆ. ಆದರೆ ಕಟ್ಟರಿನ ಗುಂಡಿಯು ಈಗ ಮೇಜಿನ ಅಡಿಯಲ್ಲಿದೆ, ಕೈಗೆ ಸಿಕ್ಕುವುದಿಲ್ಲ. ಆದುದರಿಂದ ಅದನ್ನು ಒತ್ತಿ ಲಾಕು ಮಾಡಿ, ಇಲ್ಲವೆ ತಂತಿಯಿಂದ ಬಿಗಿದು ಕಟ್ಟಿಬಿಡುತ್ತಾರೆ. ಉಳಿದ ಹಿಡಿತವೆಂದರೆ ಗೋಡೆಯ ಪ್ಲಗ್ಗೊಂದೇ. ಅದು ಕೆಲಸದವನ ಬೆನ್ನಿಗೆ ಹತ್ತು ಅಡಿ ದೂರದಲ್ಲಿರುತ್ತದೆ. ರಕ್ಷಣೆಯ ಕವಚವನ್ನು ಮೊದಲೇ ಬಿಚ್ಚಿಹಾಕಿರುತ್ತಾರೆ. ಈ ಪುಟ್ಟ ಯಂತ್ರವು ನಿಮಿಷಕ್ಕೆ 12,000 ಸುತ್ತಿನ ಆಸುಪಾಸಿನಲ್ಲಿ ತಿರುಗುವುದರಿಂದ ಅದರ ಅಂಚಿನ ವೇಗವು ದೊಡ್ಡ ಗರಗಸದ ವೇಗವನ್ನೂ ಮೀರಿಸುವುದು. ಕಮ್ಮಾರರು ಬಳಸುವ ಗ್ರೈಂಡರಿನ ಕಥೆಯೂ ಹೀಗೆಯೇ: ಗುಂಡಿ ಲಾಕಾಗಿರುವಾಗ ಕರೆಂಟು ಹೋದರೆ ಅದನ್ನು ಹಾಗೆಯೇ ನೆಲದ ಮೇಲೆ ಇಟ್ಟುಬಿಡುತ್ತಾರೆ; ಕರೆಂಟು ಬಂದಾಗ ಅದು ನೆಲದ ಮೇಲೆ ಕುಣಿದು ಯಾರ ಕಾಲಿನ ಕಡೆಗಾದರೂ ನುಗ್ಗಬಹುದು.

ಇಂತಹ ಕೈಯುಪಕರಣಗಳಿಗೆ ಒಳ್ಳೆಯ ಪರಿಹಾರವೊಂದಿದೆ. ಸ್ಟಾರ್ಟರನ್ನು ಯಂತ್ರಕ್ಕೆ ನೇರವಾಗಿ ಜೋಡಿಸುವ ಬದಲು, ಅದರಿಂದ ಹೊರಡುವ ತಂತಿಯನ್ನು ಒಂದು ಪ್ಲಗ್ ಸಾಕೆಟ್ಟಿಗೆ ತರುವುದು. ಒಂದು ಪೆಟ್ಟಿಗೆ, ಎರಡು ಗುಂಡಿ, ಒಂದು ಸಾಕೆಟ್ಟು. ಇದನ್ನು ಬಡಗಿಯು ತನ್ನ ಚೀಲದ ಜೊತೆಗೆ ಕೊಂಡೊಯ್ಯಬಹುದು. ಗ್ರೈಂಡರನ್ನು ಸಿಕ್ಕಿಸಿದರೆ ಗ್ರೈಂಡರಿಗೆ, ಕಟ್ಟರನ್ನು ಸಿಕ್ಕಿಸಿದರೆ ಕಟ್ಟರಿಗೆ ಆ ಮರೆವಿನ ಗುಣವು ಬರುತ್ತದೆ. ಯಾವ ಮನೆಗೆ ಹೋದರೂ ಅಲ್ಲಿನ ಗೋಡೆಯ ಸ್ವಿಚ್ಚನ್ನು ಅವನು ನಂಬಬೇಕಾಗಿಲ್ಲ. ಮೇಜಿನ ಮುಂದುಗಡೆ ಮೊಣಕಾಲಿನ ಎತ್ತರಕ್ಕೆ ಅದನ್ನು ತೂಗುಹಾಕಿದರೆ, ಎರಡು ಕೈಯೂ ಹಲಗೆಯ ಮೇಲಿರುವಾಗ ಮೊಣಕಾಲಿನಿಂದಲೇ ಕೆಂಪು ಗುಂಡಿಯನ್ನು ನೂಕಿ ನಿಲ್ಲಿಸಬಹುದು.

ಜೋಡಿಸುವ ವಿಷಯದಲ್ಲಿ ಕೆಲವು ಮಾತು. ಇದು ಪರವಾನಗಿಯುಳ್ಳ ವಯರ್‌ಮನ್ ಮಾಡತಕ್ಕ ಕೆಲಸ; ಅಂಗಡಿಯಿಂದ ತಂದು ನಾವೇ ಸಿಕ್ಕಿಸೋಣವೆಂಬುದು ಸಲ್ಲದು. ಆದರೆ ಮಾಡಿಸುವವನಿಗೂ ನಾಲ್ಕು ಸಂಗತಿ ತಿಳಿದಿರಬೇಕು. ಮನೆಯದು ಸಿಂಗಲ್‌ಫೇಸ್ ಆದರೆ ಸುರುಳಿಯು 240 ವೋಲ್ಟಿನದಾಗಿರಬೇಕು. ಪಂಪಿನ ಸ್ಟಾರ್ಟರಿನಲ್ಲಿ ಅದು 415 ವೋಲ್ಟಿನದಾಗಿರುವ ಸಂಭವ ಹೆಚ್ಚು, ಅದು ಇಲ್ಲಿ ಹಿಡಿಯಲಾರದು. ಸ್ಟಾರ್ಟರು ಫೇಸನ್ನೂ ನ್ಯೂಟ್ರಲ್ಲನ್ನೂ ಎರಡನ್ನೂ ಕತ್ತರಿಸುವಂತಿರಬೇಕು. ಹಳೆಯ ಮನೆಗಳ ವೈರಿಂಗಿನಲ್ಲಿ ಇವೆರಡೂ ಅದಲುಬದಲಾಗಿರುವುದು ಅಪರೂಪವಲ್ಲ. ಒಂದು ಅಶ್ವಶಕ್ತಿಯ ಸಿಂಗಲ್‌ಫೇಸ್ ಮೋಟಾರು ಓಡುವಾಗ ಸುಮಾರು ಐದರಿಂದ ಏಳು ಆಂಪಿಯರನ್ನು ಎಳೆದರೂ, ಹೊರಡುವ ಕ್ಷಣದಲ್ಲಿ ಅದರ ಐದಾರು ಪಟ್ಟು ಎಳೆಯುವುದು. ದೀಪದ 6 ಆಂಪಿಯರ್ ಸ್ವಿಚ್ಚಿನಿಂದ ಮೋಟಾರು ಓಡಿಸುವವರ ಸ್ವಿಚ್ಚುಗಳು ಸುಟ್ಟು ಅಂಟಿಕೊಳ್ಳುವುದು ಇದರಿಂದಲೇ. ಅಂಟಿಕೊಂಡ ಸ್ವಿಚ್ಚನ್ನು ಆರಿಸಿದರೂ ಯಂತ್ರ ನಿಲ್ಲದು ಎಂಬುದು ಇನ್ನೊಂದು ಅನರ್ಥ. ಮೋಟಾರಿಗೆ ಭಾರ ಮಿತಿಮೀರಿದಾಗ ಬಿಡಿಸುವ ಓವರ್‌ಲೋಡ್ ರಿಲೇಯು ಸ್ಟಾರ್ಟರಿನಲ್ಲೇ ಇರುತ್ತದೆ. ಅದನ್ನು ಮೋಟಾರಿನ ಫಲಕದಲ್ಲಿ ಬರೆದಿರುವ ಆಂಪಿಯರಿಗೆ ಸರಿಯಾಗಿ ತಿರುಗಿಸಿಡಬೇಕು. ಅದು ಮೇಲಿಂದ ಮೇಲೆ ಬಿಡುತ್ತದೆಂದು ಅಂಕೆಯನ್ನು ಏರಿಸಿದರೆ ಮೋಟಾರು ಸುಡುವುದೇ ಹೊರತು ಕೆಲಸ ಸಾಗುವುದಿಲ್ಲ. ಮರದ ಹೊಟ್ಟೂ ಹಿಟ್ಟಿನ ಧೂಳೂ ಒಳಗೆ ಹೋಗದಂತೆ ಪೆಟ್ಟಿಗೆಯ ಮುಚ್ಚಳ ಬಿಗಿಯಾಗಿರಬೇಕು; ಯಂತ್ರದ ಮೈಗೆ ಅರ್ಥಿಂಗ್ ಇರಲೇಬೇಕು. ಸ್ಟಾರ್ಟರು ಗರಗಸವನ್ನು ತಟ್ಟನೆ ಹಿಡಿದು ನಿಲ್ಲಿಸುವುದಿಲ್ಲ, ವಿದ್ಯುತ್ತನ್ನು ಮಾತ್ರ ಕತ್ತರಿಸುವುದು. ಚಕ್ರವು ಇನ್ನೂ ಕೆಲವು ಕ್ಷಣ ತಿರುಗುತ್ತಿರುತ್ತದೆ. ಬ್ಲೇಡನ್ನು ಬದಲಿಸುವಾಗ ಕೆಂಪು ಗುಂಡಿಯನ್ನು ನಂಬದೆ ಪ್ಲಗ್ಗನ್ನೇ ಕೀಳತಕ್ಕದ್ದು.

ಇದಕ್ಕೆಲ್ಲ ಎಷ್ಟು ಹಣ ಬೇಕಾದೀತು? ಚಿಕ್ಕ ಮೋಟಾರಿಗೆ ತಕ್ಕ ಸ್ಟಾರ್ಟರು ಎರಡು ಮೂರು ಸಾವಿರ ರೂಪಾಯಿಯೊಳಗೆ ಸಿಕ್ಕುವ ವಸ್ತು. ತುಮಕೂರಿನಲ್ಲಿ ಪಂಪ್‌ಸೆಟ್ಟಿನ ಸಾಮಾನು ಮಾರುವ ಯಾವ ಅಂಗಡಿಗೆ ಹೋದರೂ ಇದು ದೊರೆಯುವುದು. ಗುಬ್ಬಿ ಕುಣಿಗಲ್‌ಗಳಲ್ಲಿಯೂ ರಿಪೇರಿ ಮಾಡಬಲ್ಲವರಿದ್ದಾರೆ. ಅಮೆರಿಕದಲ್ಲಿ ಬೆರಳು ತಗುಲಿದೊಡನೆ ಕೆಲವೇ ಮಿಲಿಸೆಕೆಂಡುಗಳಲ್ಲಿ ಗರಗಸವನ್ನು ಹಿಡಿದು ನಿಲ್ಲಿಸುವ ಯಂತ್ರಗಳೂ ಬಂದಿವೆ. ಅವುಗಳ ಬೆಲೆಯನ್ನು ಕೇಳಿ ನಾವು ನಿಟ್ಟುಸಿರುಬಿಡುವುದು ಬೇಡ. ನಮ್ಮ ಹಿತ್ತಿಲಿನ ಮೊದಲ ಅಗತ್ಯವು ಅದಲ್ಲ. ಪಕ್ಕದ ಹೊಲದಲ್ಲಿ ಮೊದಲಿನಿಂದ ಇರುವ ಎರಡು ಗುಂಡಿಯ ಪೆಟ್ಟಿಗೆ.

ಕಾನೂನು ಏನು ಹೇಳುತ್ತದೆ ಎಂದು ಅಧಿಕಾರಿ ಮಹಾಶಯರು ಕೇಳಬಹುದು. 1948ರ ಕಾರ್ಖಾನೆ ಕಾಯಿದೆಯು ತುರ್ತಿನಲ್ಲಿ ವಿದ್ಯುತ್ತನ್ನು ಕಡಿಯುವ ಸಾಧನವು ಪ್ರತಿಯೊಂದು ಕೆಲಸದ ಕೋಣೆಯಲ್ಲೂ ಇರಬೇಕೆಂದು ವಿಧಿಸಿತ್ತು. ಯಂತ್ರವು ಅಕಸ್ಮಾತ್ತಾಗಿ ಹೊರಡದಂತೆ ಬೀಗದ ಏರ್ಪಾಡನ್ನೂ ಹೇಳಿತ್ತು. ಆದರೆ ಅದು ಸಾಮಾನ್ಯವಾಗಿ ಅನ್ವಯಿಸುತ್ತಿದ್ದುದು ವಿದ್ಯುತ್ತಿನಿಂದ ನಡೆಯುವ, ಹತ್ತು ಮಂದಿಗಾದರೂ ಕೆಲಸ ಕೊಟ್ಟ ಸ್ಥಳಕ್ಕೆ. ಆ ಕಾಯಿದೆಯ ಸ್ಥಾನಕ್ಕೆ ಬಂದು 2025ರ ನವೆಂಬರಿನಲ್ಲಿ ಜಾರಿಯಾದ 2020ರ ಸಂಹಿತೆಯು ಆ ಹತ್ತನ್ನು ಇಪ್ಪತ್ತಕ್ಕೆ ಏರಿಸಿತು. ಅಪ್ಪ, ಮಗ, ಒಬ್ಬ ಕೂಲಿಯಾಳು ಸೇರಿ ನಡೆಸುವ ಹಿತ್ತಿಲಿನ ಕಾರ್ಖಾನೆಯು ಅಂದೂ ಈ ಲೆಕ್ಕದ ಹೊರಗಿತ್ತು, ಇಂದು ಇನ್ನಷ್ಟು ಹೊರಗಿದೆ. ಒಕ್ಕಣೆಯ ಯಂತ್ರಗಳಲ್ಲಿ ಕೈ ಕಳೆದುಕೊಳ್ಳುವವರ ಗೋಳನ್ನು ನೋಡಿ ಪಾರ್ಲಿಮೆಂಟು 1983ರಲ್ಲಿ ಅಪಾಯಕರ ಯಂತ್ರಗಳ ನಿಯಂತ್ರಣ ಕಾಯಿದೆಯನ್ನು ಮಾಡಿತು. ಕಾರ್ಖಾನೆಯ ಗೋಡೆಯಾಚೆಯೂ ಯಂತ್ರಕ್ಕೆ ನಿಯಮವಿರಬಹುದೆಂದು ಅದು ಒಪ್ಪಿದುದು ದೊಡ್ಡ ಸಂಗತಿ. ಹೊರದೇಶಗಳಲ್ಲಿ ಈ ವಿಷಯದಲ್ಲಿ ಸಂದೇಹಕ್ಕೆ ಎಡೆಯಿಲ್ಲ. ಅಮೆರಿಕದ ಕೆಲಸದ ಸ್ಥಳಗಳ ಸುರಕ್ಷತಾ ನಿಯಮಗಳಲ್ಲಿ ಮರಗೆಲಸದ ಯಂತ್ರಗಳ ಭಾಗದಲ್ಲೇ, ವಿದ್ಯುತ್ತು ಮರಳಿದಾಗ ಯಂತ್ರವು ತಾನಾಗಿ ಹೊರಟು ಕೆಲಸದವನಿಗೆ ಗಾಯವಾಗುವಂತಿದ್ದರೆ ಅದನ್ನು ತಡೆಯತಕ್ಕದ್ದೆಂದು ಬರೆದಿದೆ. ಯೂರೋಪಿನ 2006ರ ಯಂತ್ರ ನಿರ್ದೇಶವೂ ಯಂತ್ರ ತಯಾರಿಸುವವನ ಮೇಲೆಯೇ ಅದೇ ಹೊಣೆಯನ್ನು ಹೊರಿಸಿತು. ಆದುದರಿಂದಲೇ ಆ ದೇಶಗಳ ಮಾರುಕಟ್ಟೆಗೆಂದು ಮಾಡಿದ ಗರಗಸದ ಮೇಜುಗಳಲ್ಲಿ ಎರಡು ಗುಂಡಿಯ ಸ್ವಿಚ್ಚು ಕೂಡಿಯೇ ಬರುತ್ತದೆ. ನಮ್ಮಲ್ಲಿ ಮೋಟಾರು ಒಂದು ಅಂಗಡಿಯದು, ಕಬ್ಬಿಣದ ಚೌಕಟ್ಟು ಬೆಸುಗೆಯವನದು, ಬೆಲ್ಟು ಇನ್ನೊಬ್ಬನದು. ಸ್ವಿಚ್ಚು ಯಾರ ಹೊಣೆಯೂ ಅಲ್ಲ.

ಹಿತ್ತಿಲಿಗೆ ಇನ್‌ಸ್ಪೆಕ್ಟರನ್ನು ಅಟ್ಟಿರೆಂದು ನಾವು ಹೇಳುವುದಿಲ್ಲ. ಅದರಿಂದ ಬಡ ಕಸಬುದಾರನಿಗೆ ಕಿರುಕುಳವೇ ಹೊರತು ಬೆರಳು ಉಳಿಯದು. ಹಣ ಕೊಡುವ ಬಾಗಿಲಲ್ಲಿ, ಸಂಪರ್ಕ ಕೊಡುವ ಬಾಗಿಲಲ್ಲಿ ಈ ಮಾತು ಬರಬೇಕು. ಕೇಂದ್ರ ಸರ್ಕಾರವು 2023ರ ಸೆಪ್ಟೆಂಬರ್ 17ರಂದು ಆರಂಭಿಸಿದ ಪಿ.ಎಂ. ವಿಶ್ವಕರ್ಮ ಯೋಜನೆಯು ಬಡಗಿ, ಕಮ್ಮಾರರೇ ಮೊದಲಾದ 18 ಕಸಬುಗಳವರಿಗೆ ತರಬೇತಿಯನ್ನೂ, ಉಪಕರಣಗಳಿಗಾಗಿ 15,000 ರೂಪಾಯಿಯ ನೆರವನ್ನೂ, ಮೊದಲು ಒಂದು ಲಕ್ಷ, ಅನಂತರ ಎರಡು ಲಕ್ಷದವರೆಗೆ ಶೇಕಡ 5ರ ಬಡ್ಡಿಯ ಸಾಲವನ್ನೂ ಗೊತ್ತುಮಾಡಿದೆ. ಆ ಹಣದಿಂದ ಬಡಗಿಯ ಮನೆಗೆ ಮೊದಲು ಬರುವ ವಸ್ತುವು ಬಹುಶಃ ವಿದ್ಯುತ್ ಗರಗಸವೇ. ತರಬೇತಿಯ ದಿನಗಳಲ್ಲಿ ಒಂದು ಗಂಟೆಯನ್ನು ಇದಕ್ಕಾಗಿ ಮೀಸಲಿಟ್ಟು, ಸ್ಟಾರ್ಟರನ್ನು ಬಿಚ್ಚಿ ಜೋಡಿಸಿ ತೋರಿಸಿದರೆ ಯಾವ ಬೊಕ್ಕಸವೂ ಬರಿದಾಗದು. ಯಂತ್ರಕ್ಕೆ ಸಾಲ ಮಂಜೂರು ಮಾಡುವ ಬ್ಯಾಂಕಿನವರು ಅಂಗಡಿಯ ಬೆಲೆಪಟ್ಟಿಯಲ್ಲಿ ಸ್ಟಾರ್ಟರು ಇದೆಯೇ ಎಂದು ಒಂದು ಸಲ ಕಣ್ಣಾಡಿಸಬಹುದು. ಇಲ್ಲದಿದ್ದರೆ ಸೇರಿಸಿಕೊಂಡು ಬಾ ಎನ್ನಬಹುದು. ಹೊಸ ಸಂಪರ್ಕ ಕೇಳುವಾಗ ಪರವಾನಗಿಯುಳ್ಳ ಗುತ್ತಿಗೆದಾರನು ಕೆಲಸ ಪೂರೈಸಿದ ವರದಿಗೆ ಸಹಿ ಹಾಕಿ ಬೆಸ್ಕಾಂಗೆ ಕೊಡುವುದು ಪದ್ಧತಿ. ಮೋಟಾರುಳ್ಳ ಕಡೆಗಳಲ್ಲಿ, ವಿದ್ಯುತ್ತು ಮರಳಿದಾಗ ಯಂತ್ರವು ತಾನಾಗಿ ಹೊರಡುವುದಿಲ್ಲವೆಂಬ ಒಂದು ಸಾಲನ್ನು ಆ ವರದಿಗೆ ಸೇರಿಸಲು ವಿದ್ಯುತ್ ಪರಿವೀಕ್ಷಣಾಲಯದವರಿಗೆ ಏನು ತೊಂದರೆಯೋ ನಮಗೆ ಕಾಣದು. ಜಿಲ್ಲಾ ಕೈಗಾರಿಕಾ ಕೇಂದ್ರದವರೂ ಐ.ಟಿ.ಐ.ಗಳ ಶಿಕ್ಷಕರೂ ಮನಸ್ಸು ಮಾಡಿದರೆ ತಾಲ್ಲೂಕಿಗೊಂದು ಪ್ರದರ್ಶನ ನಡೆಸುವುದು ಒಂದು ಭಾನುವಾರದ ಕೆಲಸ.

ಇದೇ ಜಿಲ್ಲೆಯ ಪಾವಗಡದಲ್ಲಿ 2,050 ಮೆಗಾವ್ಯಾಟಿನ ಸೂರ್ಯಶಕ್ತಿಯ ಕ್ಷೇತ್ರವಿದೆ. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 2023ರ ಫೆಬ್ರವರಿಯಲ್ಲಿ ಹೆಲಿಕಾಪ್ಟರ್ ಕಾರ್ಖಾನೆಯ ಉದ್ಘಾಟನೆಯಾಯಿತು. ಅಂತಹ ಕಾರ್ಖಾನೆಯೊಳಗೆ ತಾನಾಗಿ ಹೊರಡುವ ಗರಗಸವನ್ನು ಒಂದು ದಿನವೂ ಇರಗೊಡುವುದಿಲ್ಲ. ಅದರ ಬೇಲಿಯಿಂದ ನಾಲ್ಕು ಮೈಲಿ ಆಚೆಗಿನ ಹಳ್ಳಿಯ ಬಡಗಿಯ ಬೆರಳು, ಒಳಗಿನ ಕೆಲಸಗಾರನ ಬೆರಳಿಗಿಂತ ಅಗ್ಗವೆಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ನಡೆಯುತ್ತಿರುವುದು ಮಾತ್ರ ಹಾಗೆ. ಬಲಗೈಯ ಹೆಬ್ಬೆರಳು ಹೋದ ಬಡಗಿಯು ಉಳಿ ಹಿಡಿಯಲಾರ. ಅವನ ಕಸಬು ಅಂದಿಗೆ ಮುಗಿಯಿತು, ಸಾಲದ ಕಂತು ಮುಗಿಯುವುದಿಲ್ಲ.

ಇಪ್ಪತ್ತು ವರ್ಷದಿಂದ ಹೀಗೆಯೇ ಕೆಲಸ ಮಾಡುತ್ತಿದ್ದೇವೆ, ಏನೂ ಆಗಿಲ್ಲವೆಂದು ಹೇಳುವ ಹಿರಿಯ ಕಸಬುದಾರರಿದ್ದಾರೆ. ಅವರ ಎಚ್ಚರಕ್ಕೆ ನಾವು ತಲೆಬಾಗುತ್ತೇವೆ. ಆದರೆ ಆ ಎಚ್ಚರವು ಅವರದು. ಶಾಲೆ ಬಿಟ್ಟು ಬಂದು ಅದೇ ಯಂತ್ರದ ಬಳಿ ನಿಲ್ಲುವ ಹನ್ನೆರಡು ವರ್ಷದ ಮೊಮ್ಮಗನದಲ್ಲ. ಕರೆಂಟು ಇಲ್ಲದ ಹೊತ್ತಿನಲ್ಲಿ ಯಂತ್ರದ ಸ್ವಿಚ್ಚನ್ನು ಮೇಲೆ ಕೆಳಗೆ ಆಡಿಸಿ ಹೋಗುವ ಮಕ್ಕಳು ಯಾವ ಮನೆಯಲ್ಲಿಲ್ಲ? ಹಾಗೆ ಬಿಟ್ಟುಹೋದ ಸ್ವಿಚ್ಚು ಯಾವ ಸ್ಥಿತಿಯಲ್ಲಿದೆಯೆಂದು ಹೇಳಲು ಯಂತ್ರವು ಒಂದು ಸದ್ದನ್ನೂ ಮಾಡದು.

ನಿಮ್ಮ ಮನೆಯ ಯಂತ್ರವು ಯಾವ ಬಗೆಯದೆಂದು ತಿಳಿಯಲು ಯಾವ ತಜ್ಞನೂ ಬೇಡ. ಯಂತ್ರದ ಬಳಿಯಿಂದ ಎಲ್ಲರನ್ನೂ ದೂರ ಸರಿಸಿ, ಮೇಜಿನ ಮೇಲಿನ ಹಲಗೆ, ಮೇವು ಎಲ್ಲವನ್ನೂ ತೆಗೆದು, ಅದನ್ನು ಬರಿದಾಗಿ ಓಡಿಸಿರಿ. ಓಡುತ್ತಿರುವಾಗ ಒಬ್ಬರು ಮೀಟರಿನ ಬಳಿಯ ಮೇನ್ ಸ್ವಿಚ್ಚನ್ನು ಆರಿಸಲಿ. ಚಕ್ರವು ಪೂರ್ತಿ ನಿಂತ ಮೇಲೆ, ಯಂತ್ರದ ಯಾವ ಸ್ವಿಚ್ಚನ್ನೂ ಮುಟ್ಟದೆ, ಮೇನನ್ನು ಪುನಃ ಹಾಕಿ ದೂರದಿಂದ ನೋಡಿರಿ. ಪಕ್ಕದಲ್ಲಿ ಆಟೋ ಸ್ವಿಚ್ ಇದ್ದರೆ ಅದು ಸ್ವಲ್ಪ ತಡವಾಗಿ ಎಬ್ಬಿಸುವುದುಂಟು, ಆದುದರಿಂದ ಐದು ನಿಮಿಷವಾದರೂ ಕಾಯಿರಿ. ಯಂತ್ರವು ಸುಮ್ಮನಿದ್ದರೆ ಸರಿ. ತಿರುಗತೊಡಗಿತಾದರೆ ಮೇನನ್ನು ಆರಿಸಿ, ಪ್ಲಗ್ಗನ್ನು ಕಿತ್ತಿಟ್ಟು, ವಯರ್‌ಮನ್‌ನಿಗೆ ಅಂದೇ ಹೇಳಿಕಳುಹಿಸುವುದು.